ಒಂದೇ ಪಂಕ್ತಿಯ ಮನೆಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಸೀಮೆಯಲ್ಲಿ ನೆಲೆಸಲು 1833ರ ಸನ್ನದು ಕಾಯಿದೆ ಆಗಷ್ಟೇ ದಾರಿ ಮಾಡಿಕೊಟ್ಟಿತ್ತು. ಘಟ್ಟ ಹತ್ತಿ ಅದು ಧಾರವಾಡ ಮುಟ್ಟಿದ್ದು 1837ರಲ್ಲಿ, ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ. 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲೂ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲೂ ಅದರ ಕೇಂದ್ರಗಳು ಎದ್ದವು. ಈ ಮಿಷನ್ನಿನ ಹೆಸರೆತ್ತಿದರೆ ಕನ್ನಡಿಗರಿಗೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ ಮತ್ತು 1894ರ ಕಿಟೆಲ್ ನಿಘಂಟು. ಹೆಂಚು, ಖಾಕಿ ಬಟ್ಟೆ, ಧಾರವಾಡದ ಹೈಸ್ಕೂಲು ಅವುಗಳ ಹಿಂದೆಯೇ ಬರುತ್ತವೆ. ಇವೆಲ್ಲ ನೆನೆಯತಕ್ಕ ಕೆಲಸಗಳೇ. ಆದರೆ ಬಂದವರು ಬಂದದ್ದು ಪತ್ರಿಕೆ ಹೊರಡಿಸಲಿಕ್ಕಲ್ಲ, ಹೆಂಚು ಸುಡಲಿಕ್ಕೂ ಅಲ್ಲ. ಯೇಸುವಿಗೆ ಶಿಷ್ಯರನ್ನು ಮಾಡುವುದು ಅವರ ಉದ್ದೇಶವಾಗಿತ್ತು. ಆ ಉದ್ದೇಶ ಹುಬ್ಬಳ್ಳಿ–ಧಾರವಾಡವೆಂಬ ಈ ಅವಳಿ ಊರಿನಲ್ಲಿ ಏನಾಯಿತು ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರೆ ಬರೆಹ ಬಹುಮಟ್ಟಿಗೆ ಕೇಳಿಲ್ಲ. ಸಭೆಯ ಒಳಗಿನವರು ಅದನ್ನು ದೀಕ್ಷಾಸ್ನಾನದ ಲೆಕ್ಕದಲ್ಲಿ ಅಳೆದರು. ಹೊರಗಿನವರು ಅದು ಅವರ ಮತದ ಮಾತು ಎಂದು ಬದಿಗಿಟ್ಟು, ನಿಘಂಟನ್ನು ಮಾತ್ರ ಎತ್ತಿಕೊಂಡರು.

ಈ ಲೇಖನದ ವಾದ ಇಷ್ಟು. ಹುಬ್ಬಳ್ಳಿ–ಧಾರವಾಡದಲ್ಲಿ ಕ್ರಿಸ್ತನ ಶಿಷ್ಯತ್ವ ಬೇರು ಬಿಟ್ಟದ್ದು ಪ್ರಸಂಗಪೀಠದಿಂದಲ್ಲ, ಮನೆಗಳಿಂದ. ಯಾರು ಯಾರೊಡನೆ ಕೂತು ಉಣ್ಣುತ್ತಾರೆ, ಯಾರ ಮಗಳು ಓದುತ್ತಾಳೆ, ಗಂಡ ಸತ್ತವಳಿಗೆ ಏನು ಸಿಗುತ್ತದೆ, ತಂದೆತಾಯಿ ಇಲ್ಲದ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬ ಮನೆಗೆಲಸದ ಪ್ರಶ್ನೆಗಳಲ್ಲಿ ಆ ಶಿಷ್ಯತ್ವ ಗೆದ್ದಿತು, ಸೋತದ್ದೂ ಅಲ್ಲಿಯೇ. ಪ್ರೀತಿ, ಸೇವೆ ಎಂಬ ಮಾತುಗಳನ್ನು ಅಲ್ಲಿ ತೂಗಿ ನೋಡದೆ ಈ ಚರಿತ್ರೆ ಅರ್ಥವಾಗುವುದಿಲ್ಲ.

ಪ್ರಸಂಗದ ಸೋಲಿನಿಂದಲೇ ಆರಂಭಿಸೋಣ, ಏಕೆಂದರೆ ಮಿಷನರಿಗಳ ಮೊದಲ ನಂಬಿಕೆ ಪ್ರಸಂಗದ ಮೇಲಿತ್ತು. ಅವರು ಜಾತ್ರೆಗೆ ಹೋದರು, ಸಂತೆಯಲ್ಲಿ ನಿಂತರು, ಮಠಗಳ ಕಟ್ಟೆಯಲ್ಲಿ ಕೂತು ವಾದಿಸಿದರು. ಈ ನಾಡಿಗೆ ತತ್ತ್ವದ ಮಾತು ಹೊಸದಾಗಿರಲಿಲ್ಲ. ಶಿಶುನಾಳ ಷರೀಫರು ಹಾಡುತ್ತಿದ್ದ ಕಾಲ ಅದು. ಮುಂದೆ ಹುಬ್ಬಳ್ಳಿಯಲ್ಲಿ ನೆಲೆ ನಿಂತ ಸಿದ್ಧಾರೂಢರ ಸುತ್ತ ಎಲ್ಲ ಜಾತಿಯವರೂ ನೆರೆದ ಕಾಲವೂ ಅದೇ ಶತಮಾನದ್ದು. ಪರದೇಶಿ ಪಾದ್ರಿಯ ಮಾತನ್ನು ಜನ ಕುತೂಹಲದಿಂದ ಕೇಳಿದರು, ಮೆಚ್ಚಬೇಕಾದ್ದನ್ನು ಮೆಚ್ಚಿದರು, ಎದ್ದು ಮನೆಗೆ ಹೋದರು. ಒಮ್ಮೆ ಮಾತ್ರ ಮಿಷನರಿಗಳಿಗೆ ದೊಡ್ಡ ಆಸೆ ಮೂಡಿತು. ಕೊಡೇಕಲ್ ಬಸವಣ್ಣನ ಕಾಲಜ್ಞಾನವನ್ನು ನಂಬಿ, ಬರಲಿರುವ ಧರ್ಮರಾಜ್ಯವನ್ನು ಎದುರುನೋಡುತ್ತಿದ್ದ ಒಂದು ಪಂಗಡದ ಜನ ಹುಬ್ಬಳ್ಳಿಯ ಮಿಷನರಿಗಳ ಬಳಿಗೆ ಬಂದು ಮಾತಾಡಿದರು. ಸಾವಿರಾರು ಮಂದಿ ಒಟ್ಟಿಗೆ ಸಭೆಗೆ ಸೇರುತ್ತಾರೆಂಬ ನಿರೀಕ್ಷೆಯಲ್ಲಿ 1840ರ ದಶಕದ ಆರಂಭದಲ್ಲಿ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಭೂಮಿ ಪಡೆದು ಬೇಸಾಯದ ವಸಾಹತನ್ನೇ ಹೂಡಲಾಯಿತು. ಆ ಸಾವಿರಾರು ಮಂದಿ ಬರಲಿಲ್ಲ, ವಸಾಹತು ನಿಲ್ಲಲಿಲ್ಲ. ಈ ಘಟನೆಯನ್ನು ಮೋಸ ಹೋದ ಕತೆಯೆಂದು ತಳ್ಳಿಹಾಕುವುದು ಸುಲಭ. ನಿಜವಾಗಿ ಅದು ಎರಡು ಭಕ್ತಿಗಳು ಒಂದನ್ನೊಂದು ತಪ್ಪಾಗಿ ತಿಳಿದ ಕತೆ. ತಮ್ಮ ಭವಿಷ್ಯವಾಣಿ ನಿಜವಾಗುವುದನ್ನು ಕಾಣಲು ಆ ಜನ ಬಂದಿದ್ದರು. ಜಾತಿ, ಮನೆ, ಬಳಗ ಬಿಟ್ಟು ಬರಬೇಕೆಂಬ ಕರೆಗೆ ಅವರು ಸಿದ್ಧರಾಗಿರಲಿಲ್ಲ. ತಾವು ಕೊಟ್ಟ ಕರೆಯ ಭಾರ ಎಷ್ಟೆಂಬುದು ಮಿಷನರಿಗಳಿಗೂ ಆಗ ಪೂರ್ತಿ ತಿಳಿದಿರಲಿಲ್ಲ.

ಆ ಭಾರವನ್ನು ನೇರವಾಗಿ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದವನು ಒಂದು ಮತ ಬಿಟ್ಟು ಇನ್ನೊಂದನ್ನು ಹಿಡಿದನೆಂದರೆ ಸಾಲದು. ಅವನ ಮನೆ ಅವನನ್ನು ಕಳೆದುಕೊಂಡಿತು, ಅವನೂ ಮನೆಯನ್ನು ಕಳೆದುಕೊಂಡ. ಬಾವಿಯ ನೀರು, ಅಂಗಡಿಯ ಉದ್ರಿ, ಕ್ಷೌರ, ಹೆಣ ಹೊರುವ ಹೆಗಲು ಎಲ್ಲವೂ ಜಾತಿಯ ಕೈಯಲ್ಲಿದ್ದವು. ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು 1850ರ ಕಾಯಿದೆ ಉಳಿಸಿತು. ಆದರೆ ಕಾಗದದ ಮೇಲಿನ ಹಕ್ಕು ಮನೆಯ ಬಾಗಿಲನ್ನು ತೆರೆಯಲಿಲ್ಲ. ಗಂಡ ಹೆಂಡತಿಯರ ವಿಷಯ ಇನ್ನೂ ಕಠಿಣ. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರ ಹೆಂಡತಿ ಲಕ್ಷ್ಮಿ ಅವರ ಜೊತೆ ಬರಲಿಲ್ಲ. ಅವರು ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿ ಮರಳಿದರು, ಕೊನೆಗೆ 1860ರಲ್ಲಿ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಮತಾಂತರಗೊಂಡವನ ಸಂಗಾತಿ ಜೊತೆಗೆ ಬಾಳಲು ಒಪ್ಪದಿದ್ದರೆ ಮದುವೆಯನ್ನು ಬಿಡಿಸಿಕೊಳ್ಳಲು 1866ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಅಂಥ ಒಂದು ಕಾಯಿದೆ ಬೇಕಾಯಿತೆಂಬುದೇ ಇಂಥ ಮುರಿದ ಮದುವೆಗಳು ಒಂದೆರಡಲ್ಲ ಎಂಬುದಕ್ಕೆ ಸಾಕ್ಷಿ. ಲಕ್ಷ್ಮಿಯ ಕಡೆಯಿಂದ ಈ ಕತೆಯನ್ನು ಬರೆದವರಿಲ್ಲ. ಶಿಷ್ಯತ್ವದ ಚರಿತ್ರೆಯಲ್ಲಿ ಆಕೆಗೂ ಒಂದು ಜಾಗ ಸಲ್ಲಬೇಕು, ಏಕೆಂದರೆ ಬೇರೊಬ್ಬರ ನಂಬಿಕೆಯ ಬೆಲೆಯನ್ನು ತೆತ್ತವರಲ್ಲಿ ಆಕೆಯೂ ಒಬ್ಬಳು.

ಹೀಗೆ ಮನೆ ಕಳೆದುಕೊಂಡವರಿಗೆ ಇನ್ನೊಂದು ಮನೆ ಬೇಕಾಯಿತು. ಮಿಷನ್ ಕಂಪೌಂಡು ಹುಟ್ಟಿದ್ದು ಈ ಅಗತ್ಯದಿಂದ. ಅದನ್ನು ಊರಿನಿಂದ ಬೇರ್ಪಟ್ಟ ದ್ವೀಪವೆಂದು ಹಲವರು ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಸತ್ಯವಿದೆ, ಆದರೆ ಊರೇ ಮೊದಲು ಅವರನ್ನು ಬೇರ್ಪಡಿಸಿತ್ತು ಎಂಬುದನ್ನೂ ಸೇರಿಸಿಕೊಂಡು ಹೇಳಬೇಕು. ಕಂಪೌಂಡಿನೊಳಗೆ ನಡೆದ ದೊಡ್ಡ ಸಂಗತಿ ಪಂಕ್ತಿಯದು. ಜಾತಿಯ ವಿಷಯದಲ್ಲಿ ಪ್ರಾಟೆಸ್ಟಂಟ್ ಮಿಷನ್‌ಗಳೆಲ್ಲ ಒಂದೇ ನಿಲುವು ತಾಳಿರಲಿಲ್ಲ. ತಮಿಳು ನಾಡಿನಲ್ಲಿ ಲೈಪ್‌ಜಿಗ್ ಮಿಷನ್, ಜಾತಿಯನ್ನು ಲೌಕಿಕ ಪದ್ಧತಿಯೆಂದು ಬಗೆದು ಸಭೆಯೊಳಗೂ ಸೈರಿಸಿಕೊಂಡಿತು. ಬಾಸೆಲ್‌ನವರು ಅದಕ್ಕೆ ಒಪ್ಪಲಿಲ್ಲ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆ, ಒಂದೇ ಸಾಲು. ಹೊರಗೆ ಊಟದಲ್ಲೂ ಮುಟ್ಟುತಟ್ಟು ಕೂಡದು. ಲಿಂಗಾಯತ ನೇಕಾರನ ಮನೆಯಿಂದ ಬಂದವನು ಹೊಲೆಗೇರಿಯಿಂದ ಬಂದವನ ಪಕ್ಕದಲ್ಲಿ ಕೂತು ಉಣ್ಣಬೇಕಾಯಿತು. ಇದು ಪ್ರಸಂಗ ಕೇಳಿ ತಲೆದೂಗಿದಷ್ಟು ಹಗುರವಾದ ಕೆಲಸವಾಗಿರಲಿಲ್ಲ. ಹಲವರು ಈ ಹೊಸ್ತಿಲಲ್ಲೇ ಹಿಂದೆ ಸರಿದರು. ದಾಟಿದವರು ಮಾಡಿದ್ದೇ ಈ ಸೀಮೆಯಲ್ಲಿ ಕ್ರಿಸ್ತನ ಪ್ರೀತಿಗೆ ಸಿಕ್ಕ ಮೊದಲ ಗಟ್ಟಿ ರೂಪವೆಂದು ನನ್ನ ಎಣಿಕೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಇದೇ ನೆಲದಲ್ಲಿ ಇದನ್ನು ಮಾಡಿ ತೋರಿಸಿದ್ದರಲ್ಲವೇ ಎಂದು ಕೇಳಬಹುದು. ಹೌದು, ಮಾಡಿದ್ದರು. ಶರಣರ ದಾಸೋಹದ ನೆನಪಿದ್ದ ನಾಡಿನಲ್ಲಿ ಈ ಪಂಕ್ತಿ ಅರ್ಥವಾಗದ ವಿಚಿತ್ರವಾಗಿ ಕಾಣಲಿಲ್ಲ. ತಾವೇ ಮರೆತದ್ದನ್ನು ಪರರು ನೆನಪಿಸಿದಾಗ ಆಗುವ ಕಸಿವಿಸಿಯಿಂದಲೇ ವಿರೋಧ ಇನ್ನಷ್ಟು ಚುರುಕಾಗಿರಲೂ ಸಾಕು.

ಇನ್ನು ಬೋಧಿಸಿದವರ ಮನೆಗಳು. ಇಲ್ಲಿ ಒಂದು ಕಹಿ ವಿರೋಧಾಭಾಸವಿದೆ, ಅದನ್ನು ಮುಚ್ಚಿಡಬಾರದು. ಬಾಸೆಲ್‌ನ ಕಮಿಟಿ ತನ್ನ ಮಿಷನರಿಗಳ ಮದುವೆಯನ್ನು ಬಿಗಿಯಾಗಿ ಹಿಡಿದಿಟ್ಟಿತ್ತು. ಅವಿವಾಹಿತರಾಗಿ ಹೊರಡಬೇಕು, ಕ್ಷೇತ್ರದಲ್ಲಿ ಕೆಲವು ವರ್ಷ ದುಡಿದ ಮೇಲೆ ಅನುಮತಿ ಕೇಳಬೇಕು, ಹುಡುಗಿಯನ್ನು ಕಮಿಟಿ ಒಪ್ಪಬೇಕು. ಎಷ್ಟೋ ಹೆಣ್ಣುಮಕ್ಕಳು ತಾವು ಸರಿಯಾಗಿ ಕಾಣದ ಗಂಡನ್ನು ವರಿಸಲು ಹಡಗು ಹತ್ತಿ ಬಂದರು. ಮಕ್ಕಳು ಹುಟ್ಟಿ ಓದುವ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕೆಂಬ ನಿಯಮ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಗಟ್ಟಿಯಾಯಿತು. ಬಾಸೆಲ್‌ನಲ್ಲಿ ಅದಕ್ಕಾಗಿಯೇ ಮಕ್ಕಳ ಮನೆ ಕಟ್ಟಲಾಯಿತು. ಮುಂದೆ ಕಾದಂಬರಿಕಾರರಾಗಿ ಜಗತ್ತಿಗೆ ತಿಳಿದ ಹೆರ್ಮನ್ ಹೆಸ್ಸೆಯ ತಾಯಿ ಮರಿ ಗುಂಡರ್ಟ್ ತಲಶ್ಶೇರಿಯ ಮಿಷನ್ ಮನೆಯಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ಹೀಗೆ ಕಳಿಸಲ್ಪಟ್ಟವರು. ಕಿಟೆಲ್ ಅವರ ಮೊದಲ ಹೆಂಡತಿ ಪೌಲೀನ್ ಮದುವೆಯಾದ ನಾಲ್ಕು ವರ್ಷಕ್ಕೆ, 1864ರಲ್ಲಿ, ತೀರಿಕೊಂಡರು. ಮುಂದೆ ಆಕೆಯ ತಂಗಿಯನ್ನು ಅವರು ಮದುವೆಯಾದರು. ಬೈಬಲಿನ ಕನ್ನಡ ಅನುವಾದಕ್ಕೆ ದುಡಿದ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಅವರ ವಿಧವೆಯ ಕೈ ಹಿಡಿದವರು ಅವರ ಬಂಧುವೂ ಜೊತೆಗಾರರೂ ಆಗಿದ್ದ ಮೊಗ್ಲಿಂಗ್. ಕನ್ನಡದ ಮನೆಗಳಿಗೆ ಕುಟುಂಬಜೀವನದ ಪಾಠ ಹೇಳಿದವರ ಸ್ವಂತ ಕುಟುಂಬಗಳು ಎರಡು ಖಂಡಗಳಲ್ಲಿ ಹರಿದು ಹಂಚಿಹೋಗಿದ್ದವು.

ಹಾಗಾದರೆ ಅವರ ಪಾಠಕ್ಕೆ ಏನು ಬೆಲೆ? ದೇವರ ಕೆಲಸಕ್ಕೆ ಮಕ್ಕಳನ್ನು ದೂರ ಮಾಡುವುದೂ ಶಿಷ್ಯತ್ವವೇ ಎಂದು ಅವರು ನಂಬಿದ್ದರು. ತಂದೆತಾಯಿಗಿಂತ, ಮಕ್ಕಳಿಗಿಂತ ನನ್ನನ್ನು ಹೆಚ್ಚು ಪ್ರೀತಿಸಬೇಕೆಂಬ ಯೇಸುವಿನ ಮಾತನ್ನು ಅಕ್ಷರಶಃ ಹಿಡಿದರು. ಆ ನಿಷ್ಠೆಯನ್ನು ಗೌರವಿಸುತ್ತಲೇ, ಅದು ತಪ್ಪು ಎಂದು ಹೇಳಬೇಕಾಗುತ್ತದೆ. ಆರು ಏಳು ವರ್ಷದ ಮಗು ತಾನಾಗಿ ಯಾವ ಶಿಲುಬೆಯನ್ನೂ ಎತ್ತಿಕೊಂಡಿರುವುದಿಲ್ಲ. ಗಮನಿಸಬೇಕಾದ ಮಾತೆಂದರೆ, ಈ ನಿಯಮವನ್ನು ಕನ್ನಡ ಕ್ರೈಸ್ತರು ಎಂದೂ ತಮ್ಮದು ಮಾಡಿಕೊಳ್ಳಲಿಲ್ಲ. ಮಿಷನರಿ ದಂಪತಿಗಳಿಂದ ಅವರು ಆಯ್ದುಕೊಂಡದ್ದು ಬೇರೆ: ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಾಡುವ ಕುಟುಂಬ ಪ್ರಾರ್ಥನೆ, ಹೆಣ್ಣುಮಕ್ಕಳಿಗೂ ಓದು. ಬೈಬಲ್ ಓದಬೇಕಾದರೆ ಅಕ್ಷರ ಬೇಕು. ಮನೆಯಲ್ಲಿ ಪ್ರಾರ್ಥನೆ ನಡೆಸಬೇಕಾದರೆ ಹೆಂಗಸಿಗೂ ಅಕ್ಷರ ಬೇಕು. ಮಿಷನರಿಗಳ ಹೆಂಡಂದಿರು ವರಾಂಡದಲ್ಲಿ ಹೊಲಿಗೆಯ ಜೊತೆಗೆ ಶುರುಮಾಡಿದ ಹುಡುಗಿಯರ ತರಗತಿಗಳು ಶಾಲೆಗಳಾದವು. ಅಲ್ಲಿ ಓದಿದವರು ಉಪಾಧ್ಯಾಯಿನಿಯರು, ದಾದಿಯರು, ಮನೆಮನೆಗೆ ಹೋಗಿ ಓದಿ ಹೇಳುವ ಬೈಬಲ್ ಸ್ತ್ರೀಯರಾದರು. ಮಿಷನ್ನಿನ ಪುಸ್ತಕಗಳ ಮುಖಪುಟದಲ್ಲಿ ಇವರ ಹೆಸರಿಲ್ಲ. ಉಪದೇಶಿಯ ಸಂಬಳದ ಲೆಕ್ಕ ಸಿಗುತ್ತದೆ, ಅವನ ಮನೆಗೆ ರಾತ್ರಿ ಬಂದ ಅತಿಥಿಗೆ ರೊಟ್ಟಿ ಬಡಿದವಳ ಲೆಕ್ಕ ಸಿಗುವುದಿಲ್ಲ. ಈ ಚರಿತ್ರೆಯ ಅರ್ಧ ಭಾಗ ಹೀಗೆ ಬರೆಯದೆ ಉಳಿದಿದೆ.

ಹೆಣ್ಣಿನ ವಿಷಯದಲ್ಲಿ ಕ್ರೈಸ್ತರು ಎಲ್ಲವನ್ನೂ ಹೊಸದಾಗಿ ತಂದರೆಂದು ಹೇಳುವುದು ಮಾತ್ರ ಸಲ್ಲದು. ವಿಧವಾ ವಿವಾಹವನ್ನೇ ತೆಗೆದುಕೊಳ್ಳಿ. ಬ್ರಾಹ್ಮಣರಲ್ಲಿ ಅದು ನಿಷಿದ್ಧವಾಗಿತ್ತು, ನಿಜ. ಆದರೆ ಈ ಸೀಮೆಯ ಬಹುಪಾಲು ಒಕ್ಕಲು ಸಮುದಾಯಗಳಲ್ಲಿ, ಲಿಂಗಾಯತರಲ್ಲಿ ಸಹ, ಉಡಿಕಿ ಎಂಬ ಮರುಮದುವೆ ನಡೆಯುತ್ತಲೇ ಇತ್ತು. ಕ್ರೈಸ್ತ ಮನೆಗಳಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಆಸ್ತಿಯ ಪ್ರಶ್ನೆ. ನೆರೆಯ ಬಳ್ಳಾರಿಯ ಒಂದು ಮೊಕದ್ದಮೆ ಇದನ್ನು ಬೆಳಕಿಗೆ ತಂದಿತು. ಅಲ್ಲಿ ಸಾರಾಯಿ ಗುತ್ತಿಗೆ ಮತ್ತು ಅಂಗಡಿ ವ್ಯಾಪಾರದಲ್ಲಿ ಹಣ ಗಳಿಸಿದ ಮ್ಯಾಥ್ಯೂ ಅಬ್ರಹಾಂ ಎಂಬ ದೇಶೀಯ ಕ್ರೈಸ್ತರು 1842ರಲ್ಲಿ ತೀರಿಕೊಂಡರು. ಆಸ್ತಿ ಅವಿಭಕ್ತ ಕುಟುಂಬದ್ದು, ತನಗೂ ಪಾಲಿದೆ ಎಂದು ತಮ್ಮ ಫ್ರಾನ್ಸಿಸ್ ವಾದಿಸಿದ. ಗಂಡನ ಆಸ್ತಿ ತನಗೂ ಮಕ್ಕಳಿಗೂ ಸೇರಿದ್ದೆಂದು ಹೆಂಡತಿ ಶಾರ್ಲಟ್ ನ್ಯಾಯಾಲಯ ಹತ್ತಿದರು. ಕೊನೆಗೆ 1863ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು: ಮತಾಂತರಗೊಂಡ ಹಿಂದೂ ಹಳೆಯ ಕಾನೂನಿಗೆ ಬದ್ಧನಾಗಿರಲೇಬೇಕೆಂದಿಲ್ಲ, ಬೇಕಾದರೆ ಉಳಿಸಿಕೊಳ್ಳಬಹುದು, ಅವನು ಯಾವ ರೀತಿ ಬಾಳಿದ ಎಂಬುದರಿಂದ ಅದನ್ನು ತಿಳಿಯಬೇಕು. ಎರಡು ವರ್ಷದ ಬಳಿಕ, 1865ರಲ್ಲಿ, ಬಂದ ಭಾರತೀಯ ಉತ್ತರಾಧಿಕಾರ ಕಾಯಿದೆ ದೇಶೀಯ ಕ್ರೈಸ್ತರಿಗೂ ಅನ್ವಯವಾಯಿತು. ಮರಣಪತ್ರ ಬರೆಯದೆ ಸತ್ತವನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಮಗ ಮಗಳೆಂಬ ಭೇದವಿಲ್ಲದೆ ಸಮನಾಗಿ. ಹಿಂದೂ ಮನೆಗಳಲ್ಲಿ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಬಂದದ್ದು 1956ರಲ್ಲಿ, ಪಿತ್ರಾರ್ಜಿತದಲ್ಲಿ ದೇಶದಾದ್ಯಂತ ಬಂದದ್ದು 2005ರಲ್ಲಿ. ಈ ಕಾನೂನನ್ನು ತಂದದ್ದು ಸರಕಾರ, ಸಭೆಯಲ್ಲ, ಒಪ್ಪಬೇಕಾದ ಮಾತು. ಕಾಗದದಲ್ಲಿ ಸಮಪಾಲಿದ್ದೂ ಮಗಳಿಂದ ಬಿಡುಗಡೆ ಪತ್ರ ಬರೆಸಿಕೊಂಡ ಕ್ರೈಸ್ತ ಮನೆಗಳು ಇರಲಿಲ್ಲವೆಂದೂ ಯಾರೂ ಹೇಳಲಾರರು. ಆದರೂ ಹೆಣ್ಣನ್ನು ದೇವರ ಮುಂದೆ ಗಂಡಿನಷ್ಟೇ ಪೂರ್ಣಳಾದ ವ್ಯಕ್ತಿಯೆಂದು ಭಾನುವಾರ ಕೇಳಿದ ಮನೆಗೆ ಸೋಮವಾರ ಆ ಮಾತಿನ ಬೆಲೆ ಎಕರೆ ಗುಂಟೆಗಳಲ್ಲಿ ಎದುರಾಯಿತು. ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಇದಕ್ಕಿಂತ ನೇರವಾದ ಕಲ್ಲು ಸಿಗಲಿಕ್ಕಿಲ್ಲ.

ಈಗ ಹಳೆಯ ಆಕ್ಷೇಪಕ್ಕೆ ಬರೋಣ. ಹೊಟ್ಟೆಪಾಡಿಗಾಗಿ ಸೇರಿದವರು ಇವರು, ಪ್ರೀತಿ ಸೇವೆಗಳೆಲ್ಲ ಗಾಳದ ತುದಿಯ ಎರೆ ಎಂಬುದು ಆ ಆಕ್ಷೇಪ. ಇದಕ್ಕೆ ಎರಡು ಭಾಗವಿದೆ, ಬೇರೆಬೇರೆಯಾಗಿ ಉತ್ತರಿಸಬೇಕು. ಉದ್ಯೋಗದ ಮಾತು ಕರಾವಳಿಗೆ ಹೆಚ್ಚು ಒಪ್ಪುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಶುರುವಾಗಿ ಬೆಳೆದ ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಏಳು. ಜೆಪ್ಪು, ಕುದ್ರೋಳಿ, ಮಲ್ಪೆ ಬಿಟ್ಟರೆ ಉಳಿದವೆಲ್ಲ ಮಲಬಾರಿನವು. ಹುಬ್ಬಳ್ಳಿ–ಧಾರವಾಡದಲ್ಲಿ ಒಂದೂ ಇರಲಿಲ್ಲ. ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೇಯ್ಗೆಯ ಪ್ರಯತ್ನಗಳಿದ್ದವು, ಅಷ್ಟೇ. ಈ ಕಡೆಯ ಕ್ರೈಸ್ತ ಮನೆಗಳು ಶಾಲೆ ಮಾಸ್ತರಿಕೆ, ಕಾರಕೂನಿಕೆ, ಆಸ್ಪತ್ರೆ, ಮುಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು ಇವುಗಳಿಂದ ಬಾಳಿದವು. ಅಂದರೆ ಮಿಷನ್ ಕೊಟ್ಟದ್ದು ಮುಖ್ಯವಾಗಿ ಅಕ್ಷರ, ಅದರಿಂದ ಸಿಕ್ಕ ಅನ್ನ ಬೇರೆಯವರದು. ಬರಗಾಲದ ಮಾತು ಇದಕ್ಕಿಂತ ತೊಡಕಿನದು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳು ಬೆಂದುಹೋದವು. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್ ಎತ್ತಿಕೊಂಡಿತು, ಸಾಕಿತು, ಓದಿಸಿತು, ತನ್ನ ನಂಬಿಕೆಯಲ್ಲೇ ಬೆಳೆಸಿತು. ಆ ಮಕ್ಕಳಿಗೆ ಆಯ್ಕೆ ಇರಲಿಲ್ಲ ಎಂಬುದು ನಿಜ. ಹಸಿದ ಮಗುವಿನ ಮುಂದೆ ಇಡುವ ಅನ್ನದ ಜೊತೆ ಬೇರೆ ಯಾವ ಉದ್ದೇಶವೂ ಇರಬಾರದೆಂದು ಇಂದು ನಾವು ಹೇಳುವುದು ಸರಿ. ಆದರೆ ಆ ಹೊತ್ತಿನಲ್ಲಿ ಆ ಮಗುವಿನ ಮುಂದೆ ಇದ್ದ ಇನ್ನೊಂದು ದಾರಿ ಬೇರೆ ಮತದಲ್ಲಿ ಬೆಳೆಯುವುದಲ್ಲ, ಸಾಯುವುದು. ಎತ್ತಿಕೊಂಡ ಕೈಯ ಉದ್ದೇಶವನ್ನು ವಿಚಾರಿಸುವವರು ಎತ್ತಿಕೊಳ್ಳದೆ ದಾಟಿಹೋದ ಕಾಲುಗಳನ್ನೂ ವಿಚಾರಿಸಬೇಕು. ತೆರಿಗೆ ವಸೂಲಿ ನಿಲ್ಲಿಸದ ಸರಕಾರದ ಕಾಲು ಅವುಗಳಲ್ಲಿ ಮೊದಲನೆಯದು.

ಎರೆಯ ಮಾತಿಗೆ ಶಾಲೆಯೂ ಆಸ್ಪತ್ರೆಯೂ ಬೇರೊಂದು ಉತ್ತರ ಕೊಡುತ್ತವೆ. ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ ತಲೆಮಾರುಗಳು ಓದಿದವು. ಗಿರೀಶ ಕಾರ್ನಾಡರೂ ಅದರ ವಿದ್ಯಾರ್ಥಿ. ಬಹುಮಂದಿ ಹಿಂದೂ, ಮುಸ್ಲಿಂ, ಲಿಂಗಾಯತ ಮನೆಗಳಿಂದ ಬಂದು, ಬೈಬಲ್ ಪಾಠವನ್ನೂ ಕೇಳಿ, ತಮ್ಮ ತಮ್ಮ ಧರ್ಮದಲ್ಲೇ ಉಳಿದು ಹೊರಗೆ ಹೋದರು. ಬೆಟಗೇರಿಯ ಆಸ್ಪತ್ರೆಯನ್ನು ಜನ ‘ಜರ್ಮನ್ ದವಾಖಾನಿ’ ಎಂದೇ ಕರೆದು ಹೆರಿಗೆಗೆ, ಆಪರೇಷನ್ನಿಗೆ ಹೋದರು, ವಾಸಿಯಾಗಿ ಮನೆಗೆ ಬಂದರು. ಇವು ಮತಾಂತರದ ಯಂತ್ರಗಳೇ ಆಗಿದ್ದರೆ, ಅವುಗಳಷ್ಟು ಸೋತ ಯಂತ್ರ ಮತ್ತೊಂದಿಲ್ಲ. ಸೋತರೂ ಅವುಗಳನ್ನು ನಡೆಸಿದವರು ಮುಚ್ಚಲಿಲ್ಲ. ಫಲ ಸಿಗದೆಯೂ ಮುಂದುವರಿಸಿದ ಆ ಕೆಲಸವೇ ಸೇವೆ. ಮೊದಲು ಉದ್ದೇಶ ಬೇರೆ ಇದ್ದಿರಬಹುದು, ಕೆಲಸ ಮಾಡುತ್ತ ಮಾಡುತ್ತ ಉದ್ದೇಶವೇ ಶುದ್ಧವಾದದ್ದೂ ಉಂಟು.

ಮನೆಗಳೇ ಆಧಾರವೆಂಬ ನನ್ನ ವಾದಕ್ಕೆ ಬಲವಾದ ಪುರಾವೆ ಸಿಗುವುದು 1914ರ ಬಳಿಕ. ಮೊದಲ ಮಹಾಯುದ್ಧ ಶುರುವಾದೊಡನೆ ಜರ್ಮನ್ ಮಿಷನರಿಗಳು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಎಂಬತ್ತು ವರ್ಷ ದೊರೆಗಳಂತೆ ಸಭೆಯನ್ನು ನಡೆಸಿದವರು, ಮದುವೆಗೆ ಅನುಮತಿ ಕೊಡುತ್ತಿದ್ದವರು, ಕುಡಿದವನನ್ನು ಕರ್ತನ ಭೋಜನದಿಂದ ದೂರವಿಡುತ್ತಿದ್ದವರು, ಉಳಿತಾಯ ಎಷ್ಟು ಮಾಡಬೇಕೆಂದೂ ಹೇಳುತ್ತಿದ್ದವರು ಇಲ್ಲವಾದರು. ಆ ಶಿಸ್ತು ಜನರನ್ನು ಮಕ್ಕಳಂತೆ ಕಂಡ ಶಿಸ್ತು, ಅದರಲ್ಲಿ ದಬ್ಬಾಳಿಕೆಯಿತ್ತು, ಒಳಗಿನವರಿಂದಲೇ ಅದಕ್ಕೆ ದೂರುಗಳಿದ್ದವು. ಕಟ್ಟಿಗೆಯ ಊರುಗೋಲು ತೆಗೆದೊಡನೆ ಸಭೆ ಬೀಳುತ್ತದೆಂದು ಎಣಿಸಿದವರಿದ್ದರು. ಬೀಳಲಿಲ್ಲ. ಧಾರವಾಡದ ಹೆಬಿಕ್ ಸ್ಮಾರಕ ದೇವಾಲಯದಲ್ಲಿ ಆರಾಧನೆ ನಡೆಯಿತು. ಕನ್ನಡದ ಸಭಾಪಾಲಕರು, ಹಿರಿಯರು, ಮಾಸ್ತರರು ಹೊಣೆ ಹೊತ್ತರು. ಸಂಬಳ ಕೊಡುವವರು, ಶಿಸ್ತು ಕಾಯುವವರು ಹೋದ ಮೇಲೂ ಉಳಿದದ್ದು ಬಾಡಿಗೆ ನಂಬಿಕೆಯಾಗಿರಲು ಸಾಧ್ಯವಿಲ್ಲ. ಅಷ್ಟು ಹೊತ್ತಿಗೆ ಅದು ಮನೆಗಳ ಸ್ವತ್ತಾಗಿತ್ತು, ಅಜ್ಜಿಯಿಂದ ಮೊಮ್ಮಗನಿಗೆ ಬಂದಿತ್ತು.

ಆ ತಲೆಮಾರಿನ ದೊಡ್ಡ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಅವರು ಸಭಾಪಾಲಕರಾಗಿ ದುಡಿಯುತ್ತಲೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣ ಸಾಹಿತ್ಯಕ್ಕೆ ತಿರುಗಿ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪಾದ್ರಿಯೊಬ್ಬರಿಗೆ ಸಾಹಿತ್ಯದ ಹವ್ಯಾಸ ಇತ್ತೆಂದು ಇದನ್ನು ಓದುವವರುಂಟು. ಉತ್ತಂಗಿಯವರು ಅದನ್ನು ಹವ್ಯಾಸವೆಂದು ಕಾಣಲಿಲ್ಲ. ಕ್ರಿಸ್ತನನ್ನು ಹಿಂಬಾಲಿಸುವವನು ತನ್ನ ನಾಡಿನ ಅನುಭಾವಿಗಳನ್ನು ಪ್ರೀತಿಸಲು ಹಿಂಜರಿಯಬೇಕಿಲ್ಲ ಎಂಬ ನಂಬಿಕೆ ಅವರದು. ದೀಕ್ಷಾಸ್ನಾನವಾದ ಮನೆ ಚನ್ನಪ್ಪ ಎಂಬ ಹೆಸರನ್ನು ಉಳಿಸಿಕೊಂಡಂತೆ ಅವರು ಬಸವಣ್ಣನನ್ನೂ ಸರ್ವಜ್ಞನನ್ನೂ ಉಳಿಸಿಕೊಂಡರು. ಮೊದಲ ಮಿಷನರಿಗಳ ಕರೆಯಲ್ಲಿ ಬಿಟ್ಟು ಬರುವುದೇ ಮುಖ್ಯವಾಗಿತ್ತು. ಅದೇ ಸಭೆಯ ಮನೆಯೊಂದು ಮುಂದೆ ಊರಿನೊಡನೆ ಮತ್ತೆ ಕೂಡಿಕೊಳ್ಳುವ ದಾರಿಯನ್ನು ತಾನೇ ಕಂಡುಕೊಂಡಿತು. ಕಾಯಕ, ದಾಸೋಹಗಳ ನೆಲದಲ್ಲಿ ಬೆಳೆದವರು ದುಡಿಮೆಯನ್ನೂ ಹಂಚಿ ಉಣ್ಣುವುದನ್ನೂ ಸುವಾರ್ತೆಯ ಬೆಳಕಿನಲ್ಲಿ ಓದಿದಾಗ ಹುಟ್ಟಿದ ಕ್ರೈಸ್ತತ್ವ ಅದು. ಬಾಸೆಲ್‌ನ ಕಮಿಟಿ ಅದನ್ನು ಯೋಜಿಸಿರಲಿಲ್ಲ.

ಈ ಚಿತ್ರದಲ್ಲಿ ಒಂದು ಕರಿ ಮೂಲೆ ಉಳಿದಿದೆ. ಪಂಕ್ತಿ ಒಂದಾಯಿತು, ಮದುವೆ ಅಷ್ಟು ಸುಲಭವಾಗಿ ಒಂದಾಗಲಿಲ್ಲ. ಭಾರತದ ಸಭೆಗಳಲ್ಲಿ ಸಂಬಂಧ ಕೂಡಿಸುವಾಗ ಅಜ್ಜನ ಜಾತಿ ಮೆಲ್ಲಗೆ ತಲೆಯೆತ್ತುವುದು ಎಲ್ಲರಿಗೂ ತಿಳಿದ ಸಂಗತಿ, ಉತ್ತರ ಕರ್ನಾಟಕ ಅದಕ್ಕೆ ಹೊರತಲ್ಲ. ಸರಕಾರದ ನಿಲುವೂ ಗಾಯವನ್ನು ಮಾಯಲು ಬಿಟ್ಟಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಬರುತ್ತಾರೆ. ಹೀಗಾಗಿ ದಲಿತ ಕ್ರೈಸ್ತ ಮನೆಯೊಂದು ಕಚೇರಿಯ ಮುಂದೆ ಒಂದು ಉತ್ತರ, ಸಭೆಯ ಮುಂದೆ ಇನ್ನೊಂದು ಉತ್ತರ ಕೊಡಬೇಕಾದ ಇಕ್ಕಟ್ಟಿಗೆ ಸಿಕ್ಕಿದೆ. ಇಕ್ಕಟ್ಟನ್ನು ಸೃಷ್ಟಿಸಿದ್ದು ಕಾನೂನು ಎಂದು ಸಭೆ ಕೈ ತೊಳೆದುಕೊಳ್ಳುವಂತಿಲ್ಲ. ಮಗಳಿಗೆ ಗಂಡು ನೋಡುವಾಗ, ಸಭೆಯ ಹಿರಿಯರನ್ನು ಆರಿಸುವಾಗ, ಪೂರ್ವಜರ ಕೇರಿ ಯಾವುದೆಂದು ಕೇಳುವ ಪ್ರಶ್ನೆ ಕಾನೂನಿನಿಂದ ಬಂದದ್ದಲ್ಲ. ಲೈಪ್‌ಜಿಗ್‌ನವರ ಸೈರಣೆಯನ್ನು ಬಾಸೆಲ್‌ನವರು ಒಪ್ಪದಿದ್ದಾಗ ಆರಂಭವಾದ ವಾದ ಹುಬ್ಬಳ್ಳಿ–ಧಾರವಾಡದ ಕ್ರೈಸ್ತ ಮನೆಗಳ ಮಾತುಕತೆಯ ಚಾವಡಿಯಲ್ಲಿ ಇನ್ನೂ ನಡೆದಿದೆ.